ಕೆಂಪಣ್ಣ ನೆಂಟನಾದದ್ದು

ಹೊಸ ವೈರಿನ ಸುರುಳಿ ಬಿಚ್ಚಿದಾಗ ಒಂದು ವಾಸನೆ ಬರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ಹೊಸ ಚಪ್ಪಲಿಯದ್ದೂ ಅಲ್ಲ, ಹೊಸ ರೈನ್‌ಕೋಟಿನದ್ದೂ ಅಲ್ಲ, ಅವೆರಡರ ನಡುವೆ ಎಲ್ಲೋ ಇರುವಂಥದು. ಮೊನ್ನೆ ಕೆ.ಆರ್.ಪೇಟೆಯ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿದ್ದೆ. ಗೇಟಿನ ದೀಪದ ಹೋಲ್ಡರ್ ಸುಟ್ಟಿತ್ತು. ಪಕ್ಕದಲ್ಲಿ ನಿಂತಿದ್ದ ಗಿರಾಕಿಗಾಗಿ ಅಂಗಡಿಯವರು ಕೆಂಪು ವೈರಿನ ಸುರುಳಿಯೊಂದರ ಪ್ಲಾಸ್ಟಿಕ್ಕು ಹರಿದು ಅಳೆಯತೊಡಗಿದರು. ಆ ವಾಸನೆ ಬಂತು. ಹಿಂದೆಯೇ ಅಂಗಡಿಯವರ ಪ್ರಶ್ನೆಯೂ ಬಂತು.

"ಯಾಕ್ ಸಾರ್, ಒಂದು ಓಲ್ಡರ್‌ಗೆ ನೀವೇ ಬಂದ್ಬುಟ್ರಿ? ಕೆಂಪಣ್ಣ ಬರಾಕಿಲ್ವಾ ನಿಮ್ಮನೆಗೆ?"

"ಬರ್ತಾನೆ, ಬರ್ತಾನೆ" ಎಂದೆ. ಒಂದೇ ಸಲ ಹೇಳಿದ್ದರೆ ನಿಜವೆನಿಸುತ್ತಿತ್ತು.

ಕರೆಂಟ್ ಕೆಂಪಣ್ಣನನ್ನು ಅರಿಯದವರು ಅವನ ಊರು ಅಕ್ಕಿಹೆಬ್ಬಾಳಿನಿಂದ ಪೇಟೆಯವರೆಗೆ ಯಾರೂ ಇಲ್ಲ. ಈ ಮಾತನ್ನು ಹೇಳುತ್ತಿದ್ದವನು ಮುಖ್ಯವಾಗಿ ಕೆಂಪಣ್ಣನೇ. ಅಪ್ಪ ಪೇಟೆಯಲ್ಲಿ ಮನೆ ಕಟ್ಟಿಸಿದಾಗ ವೈರಿಂಗ್ ಮಾಡಿದವನು ಅವನು. ಗೃಹಪ್ರವೇಶದ ದಿನ ಗಾರೆಯವರಿಗೂ ಬಡಗಿಗೂ ಕೊಟ್ಟಂತೆ ಅವನಿಗೂ ಪಂಚೆ, ಶಲ್ಯ, ತಾಂಬೂಲ ಕೊಟ್ಟು ಅಪ್ಪ, "ಇನ್ಮೇಲೆ ಈ ಮನೆ ಕರೆಂಟು ನಿಂದು ಕಣಯ್ಯ" ಅಂದರಂತೆ. ಹಾಗನ್ನುವುದು ವಾಡಿಕೆಯ ಮಾತು. ಕೆಂಪಣ್ಣ ಅದನ್ನು ಪತ್ರವಾಗಿ ರಿಜಿಸ್ಟರ್ ಮಾಡಿಸಿಕೊಂಡವನಂತೆ ನಡೆದುಕೊಂಡ. ನಮ್ಮ ಕಡೆ ಇದೊಂದು ಕಟ್ಟು. ಮನೆಗೆ ವೈರು ಎಳೆದವನು ಬದುಕಿರುವಾಗ ಇನ್ನೊಬ್ಬನ ಕೈಲಿ ಸ್ವಿಚ್ಚು ಬದಲಾಯಿಸಿದರೆ, ಮನೆಯ ಹೆಂಗಸರನ್ನು ಬಿಟ್ಟು ಪಕ್ಕದ ಮನೆಯವರನ್ನು ಕರೆದು ಒಲೆ ಹಚ್ಚಿಸಿದ ಹಾಗೆ.

ಅವನು ಬರುತ್ತಿದ್ದುದು ಹಿತ್ತಿಲಿನಿಂದ. ಮೊಪೆಡ್ಡನ್ನು ನುಗ್ಗೆಮರಕ್ಕೆ ಒರಗಿಸಿ, ಚೀಲವನ್ನು ಬಾಗಿಲ ಬಳಿ ಇಳಿಸಿ, "ಅಕ್ಕೋ, ಏನೆಸ್ರು ಇವತ್ತು?" ಎನ್ನುತ್ತ ನೇರ ಅಡುಗೆಮನೆಗೆ ನಡೆಯುತ್ತಿದ್ದ. ಉಪ್ಸಾರು ಎಂದರೆ ಮುಖ ಅರಳುತ್ತಿತ್ತು. ತಿಳಿಸಾರು ಎಂದರೆ, "ಉಸಾರಿಲ್ವಾ ಅಕ್ಕಾ?" ಎಂದು ಅವ್ವನನ್ನು ಕಿಚಾಯಿಸುತ್ತಿದ್ದ. ರಾಗಿ ಡ್ರಮ್ಮಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು, ಮುದ್ದೆ ಮುಗಿಸಿ, ಕೈ ತೊಳೆದ ಮೇಲೆಯೇ ಏನು ಕೆಟ್ಟಿದೆ ಎಂದು ಕೇಳುತ್ತಿದ್ದದ್ದು. ಕೆಲವು ಸಲ ಏನೂ ಕೆಡದೆಯೂ ಬರುತ್ತಿದ್ದ. ಆಯುಧಪೂಜೆಗಂತೂ ಕರೆಯಬೇಕಾಗಿಯೇ ಇರಲಿಲ್ಲ. ನಮ್ಮ ಮೈನ್ ಬೋರ್ಡಿಗೆ ವಿಭೂತಿ ಎಳೆದು ಕುಂಕುಮವಿಟ್ಟು, ಅದರ ಮುಂದೆ ಒಂದು ನಿಂಬೆಹಣ್ಣು ಜಜ್ಜಿ ಹೋಗುತ್ತಿದ್ದ.

ಅವನು ಕೆಲಸಕ್ಕೆ ಇಳಿದರೆ ನನಗೂ ಒಂದು ಹುದ್ದೆ ಇತ್ತು. ಅದು ಮೈನು ಕಾಯುವ ಹುದ್ದೆ. ಕೆಂಪಣ್ಣ ಮೈನ್ ಸ್ವಿಚ್ಚನ್ನು ಆಫ್ ಮಾಡಿ ಅಟ್ಟ ಹತ್ತುವ ಮೊದಲು ನನ್ನನ್ನು ಅಲ್ಲಿ ನಿಲ್ಲಿಸುತ್ತಿದ್ದ. ಯಾರೂ ಮರೆತು ಮೇಲೆತ್ತಬಾರದು. "ಲೇ ಪುಕ್ಲಾ, ನನ್ ಪ್ರಾಣ ನಿನ್ ಕೈಲದೆ ಕಣ್ಲಾ, ಆಕಳಿಸ್ಬ್ಯಾಡ." ಅಟ್ಟದಿಂದ "ಬುಡು!" ಎಂದರೆ ಕರೆಂಟು ಬಿಡಬೇಕು, "ತಗಿ!" ಎಂದರೆ ತೆಗೆಯಬೇಕು. ಹೈಸ್ಕೂಲಿನಲ್ಲಿ ಹಿಡಿದ ಈ ಕೆಲಸವನ್ನು ತಲೆ ನರೆತ ಮೇಲೂ ಮಾಡಿದೆ. ನಾನೊಬ್ಬ ಹುಟ್ಟು ಹೆದರುಪುಕ್ಕಲ. ಮನೆಗೆ ಬೀಗ ಹಾಕಿ ಹೊರಡುವಾಗ ಮೈನ್ ತೆಗೆದೇ ಹೋಗುತ್ತೇನೆ. ನೆಂಟರ ಮದುವೆ ಮುಗಿಸಿ ಬರುವಷ್ಟರಲ್ಲಿ ಫ್ರಿಜ್ಜಿನ ದೋಸೆಹಿಟ್ಟು ಪಾತ್ರೆಯಿಂದಿಳಿದು ಮನೆಯ ಯಜಮಾನಿಕೆ ವಹಿಸಿಕೊಂಡಿರುತ್ತದೆ. ಇಂಥ ನನ್ನನ್ನು ನಂಬಿ ಒಬ್ಬ ಮನುಷ್ಯ ಬರಿಗೈಯಲ್ಲಿ ತಂತಿ ಹಿಡಿಯುತ್ತಿದ್ದನಲ್ಲ! ಆಫೀಸಿನಲ್ಲಿ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಅಷ್ಟು ನಂಬಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಅಟ್ಟದಿಂದ ಬೇರೆ ಪ್ರಶ್ನೆಗಳು ಬರತೊಡಗಿದವು. "ಲೇ, ವಸಿ ಮೇಲಕ್ಕೆ ಬಂದು ಈ ವೈರು ಯಾವ ಬಣ್ಣ ಏಳ್ಲಾ. ಧೂಳು ಕುಂತ್ಬುಟ್ಟದೆ." ನಾನು ಹತ್ತಿ ನೋಡಿದರೆ ಧೂಳಿರುತ್ತಿರಲಿಲ್ಲ. ಕೆಂಪು ವೈರು ಕೆಂಪಗೇ ಇರುತ್ತಿತ್ತು. "ಕೆಂಪು" ಎನ್ನುತ್ತಿದ್ದೆ. "ನಂಗೊತ್ತಿಲ್ವಾ? ನಿಂಗೊತ್ತಾ ಅಂತ ಕೇಳ್ದೆ" ಎನ್ನುತ್ತಿದ್ದ. ಪಾಂಡವಪುರಕ್ಕೆ ಹೋಗಿ ಕಣ್ಣು ತೋರಿಸಿಕೊ ಎಂದರೆ, "ಕಣ್ಣಲ್ ಮಾಡೋ ಕೆಲ್ಸ ಅಲ್ಲ ಕಣ್ಲಾ ಇದು, ಬೆರಳಲ್ ಮಾಡೋದು" ಎಂದು ಮಾತು ಹಾರಿಸುತ್ತಿದ್ದ.

ಆಮೇಲೆ ಗೀಸರ್ ಬಂತು. ಕೆಂಪಣ್ಣನೇ ಕೂರಿಸಿದ. ಒಂದು ಬೆಳಿಗ್ಗೆ ಅವ್ವ ಬಚ್ಚಲಿನಿಂದ ಕೂಗಿಕೊಂಡರು. ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಕೆಂಪಣ್ಣ ಬಂದ, ಮುಟ್ಟಿದ, ತಲೆಯಾಡಿಸಿದ.

"ಕರೆಂಟಲ್ಲ ಕಣಕ್ಕ ಇದು. ನಿಮಗೆ ಬೀಪಿ."

ನನ್ನ ಹೆಂಡತಿ ಶ್ರೀರಂಗಪಟ್ಟಣದವಳು, ಮಾತು ಬಾಕಿ ಉಳಿಸಿಕೊಳ್ಳುವವಳಲ್ಲ. "ಅತ್ತೆಗೆ ಬೀಪಿ ಸರಿ ಕೆಂಪಣ್ಣ, ತಗಡಿನ ಬಕೀಟಿಗೂ ಬೀಪಿನಾ? ಅದು ಮುಟ್ಟುದ್ರೂ ಜುಮ್ ಅಂತದೆ."

ಆ ದಿನ ಅವನು ಊಟಕ್ಕೆ ನಿಲ್ಲಲಿಲ್ಲ.

ಹೆಂಡತಿ ತನ್ನ ತವರುಮನೆಯ ವೈರಿಂಗ್ ಮಾಡಿದ್ದ ಇರ್ಫಾನ್‌ನನ್ನು ಕರೆಸಿದಳು. ನಲವತ್ತರ ಆಸುಪಾಸಿನವನು, ಕಡಿಮೆ ಮಾತು. ಬಂದವನೇ ಒಂದು ಮೀಟರು ಹಿಡಿದು ಗೋಡೆಗೋಡೆ ತಿರುಗಿದ. ಕಡೆಗೆ ಹಿತ್ತಿಲಲ್ಲಿ ಅರ್ತಿಂಗ್ ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಪ್ರತಿ ಬೇಸಿಗೆಯಲ್ಲೂ ಗುಂಡಿ ಒಣಗಬಾರದೆಂದು ನಾನು ಬಿಂದಿಗೆಗಟ್ಟಲೆ ನೀರು ಹೊಯ್ಯುತ್ತಿದ್ದ ಜಾಗ ಅದು.

"ಸಾರ್, ಗುಂಡಿ ಅದೆ, ತಂತಿ ಇಲ್ಲ. ಯಾವಾಗ್ಲೋ ಕಿತ್ತೋಗದೆ. ನೀವು ನೀರುಯ್ದಿರೋದು ನುಗ್ಗೆಮರಕ್ಕೆ."

ನುಗ್ಗೆ ಯಾಕೆ ಅಷ್ಟು ಚೆನ್ನಾಗಿ ಕಾಯುತ್ತಿತ್ತು ಎಂಬುದು ಅವತ್ತು ತಿಳಿಯಿತು. ಹಳೆಯ ಮರದ ಪಟ್ಟಿಯ ವೈರಿಂಗ್ ಪೂರ್ತಿ ತೆಗೆಯಬೇಕು, ಪ್ರತಿ ಪಾಯಿಂಟಿಗೂ ಅರ್ತ್ ತಂತಿ ಎಳೆಯಬೇಕು, ಎಲ್ಲಿ ಕರೆಂಟು ಸೋರಿದರೂ ತಾನಾಗಿ ಬೀಳುವ ಸ್ವಿಚ್ಚು ಹಾಕಬೇಕು ಎಂದ. ಇಲ್ಲದಿದ್ದರೆ? "ಇಲ್ದಿದ್ರೆ ನಾನು ಏನೂ ಏಳಾಕಿಲ್ಲ ಸಾರ್, ವಯಸ್ಸಾದವರು ಅವ್ರೆ ಮನೇಲಿ" ಎಂದು ನಿಲ್ಲಿಸಿದ.

ಕೆಲಸ ಆಗಲೇಬೇಕಿತ್ತು. ಅದರಲ್ಲಿ ಎರಡು ಮಾತಿರಲಿಲ್ಲ. ಕೆಂಪಣ್ಣನಿಗೆ ಹೇಳುವವರು ಯಾರು ಎಂಬುದಷ್ಟೇ ಪ್ರಶ್ನೆ. ನಾನು ನಿದ್ದೆಗೆಟ್ಟೆ. ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ. ಫೋನ್ ಎತ್ತಿ, ರಿಂಗಾಗುವ ಮೊದಲೇ ಇಟ್ಟೆ. ದಾರಿ ತೋರಿಸಿದ್ದು ಅವ್ವ.

"ಬ್ಯಾಡ ಅಂತ ಯಾಕ್ಲಾ ಏಳೀಯೆ? ಕರ್ದು ಕುರ್ಚಿ ಆಕಿ ಕೂರ್ಸು. ದೊಡ್ಡೋನಾಗಿ ಮುಂದೆ ನಿಂತು ಮಾಡ್ಸ್ಕೊಡು ಅನ್ನು. ಮರ್ವಾದೆ ಮಾಡುದ್ರೆ ಯಾರು ಬ್ಯಾಡ ಅಂತಾರೆ?"

ಎಂಥ ಉಪಾಯ ಎಂದು ಹಿಗ್ಗಿದೆ. ಹೇಳಬೇಕಾದ್ದನ್ನು ಹೇಳದೆಯೇ ಹೇಳಿದಂತಾಯಿತು, ಮೇಲೆ ಗೌರವವೂ ಆಯಿತು. ಧೈರ್ಯವಾಗಿ ಫೋನ್ ಮಾಡಿದೆ. "ಕೆಂಪಣ್ಣ, ನೀನು ಏನೂ ಮುಟ್ಟೋದು ಬೇಡ, ಸುಮ್ನೆ ಕೂತು ನೋಡ್ಕೊಂಡ್ರೆ ಸಾಕು." ಯಾವತ್ತು ಬರಬೇಕು ಎಂದು ಕೇಳಿದ. ಆಮೇಲೆ, "ಆಯ್ತು ಬುಡು" ಎಂದ.

ಬಂದ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಮೊಪೆಡ್ಡಿಲ್ಲ, ಬಸ್ಸಿನಲ್ಲಿ ಬಂದಿದ್ದ. ಚೀಲವೂ ಇರಲಿಲ್ಲ. ಅಭ್ಯಾಸದಂತೆ ಹಿತ್ತಿಲ ಬಾಗಿಲಿಗೆ ಬಂದವನನ್ನು ನಾನೇ ತಡೆದು, "ಇಲ್ಲಲ್ಲ ಕೆಂಪಣ್ಣ, ಮುಂದ್ಗಡೆ ಬನ್ನಿ" ಎಂದೆ. ಬನ್ನಿ ಎಂದದ್ದು ನನ್ನ ಬಾಯೇ. ಮನೆಯನ್ನು ಸುತ್ತಿಸಿ, ಹಾಲಿನಲ್ಲಿ ಅಪ್ಪ ಕೂರುತ್ತಿದ್ದ ಕುರ್ಚಿಯಲ್ಲಿ ಕೂರಿಸಿದೆ. ಹೆಂಡತಿ ಸಾಸರಿನ ಸಮೇತ ಪಿಂಗಾಣಿ ಕಪ್ಪಿನಲ್ಲಿ ಕಾಫಿ ತಂದಳು. ಅವನು ಅದನ್ನು ಹಿಡಿದ ರೀತಿ ನೋಡಿದರೆ, ಬರಿಗೈಯಲ್ಲಿ ತಂತಿ ಹಿಡಿದ ಮನುಷ್ಯ ಇವನೇನಾ ಅನಿಸುತ್ತಿತ್ತು.

ಇರ್ಫಾನ್ ಬಂದು ಕೈಮುಗಿದ. "ನಮಸ್ಕಾರ ಚಾಚಾ. ನಿಮ್ಮ ಕೆಲ್ಸ ನೋಡ್ದೆ. ಆ ಕಾಲಕ್ಕೆ ಗಟ್ಟಿ ಕೆಲ್ಸ."

"ಆ ಕಾಲ ಅಂದ್ರೆ ಯಾವ್ದಪ್ಪ? ನಾನಿನ್ನೂ ಇಲ್ಲೇ ಕುಂತಿವ್ನಲ್ಲ" ಎಂದು ಕೆಂಪಣ್ಣ ನಕ್ಕ. ಇರ್ಫಾನನೂ ನಕ್ಕ. ನಾನು ಅವರಿಬ್ಬರಿಗಿಂತ ಜೋರಾಗಿ ನಕ್ಕೆ.

ಇರ್ಫಾನ್ ಮೈನಿನ ಹತ್ತಿರ ಹೋದಾಗ ಕೆಂಪಣ್ಣ ನನ್ನತ್ತ ಕೈ ತೋರಿಸಿದ. "ನಮ್ಮೋನು ಅವ್ನೆ, ನಿಲ್ಸ್ಕೊ. ಮೈನು ಕಾಯಾದ್ರಲ್ಲಿ ಪಳಗವ್ನೆ." ನಾನು ಆಗಲೇ ಅರ್ಧ ಎದ್ದಿದ್ದೆ.

"ಬ್ಯಾಡ ಚಾಚಾ, ಬೀಗ ಹಾಕ್ತೀನಿ." ಇರ್ಫಾನ್ ಸ್ವಿಚ್ಚು ಇಳಿಸಿ, ಅದಕ್ಕೆ ಹೆಬ್ಬೆರಳಿನಷ್ಟು ಬೀಗವೊಂದನ್ನು ತಗುಲಿಸಿ, ಕೀಯನ್ನು ಜೇಬಿಗೆ ಹಾಕಿಕೊಂಡ.

ಕೆಂಪಣ್ಣ ಆ ಬೀಗವನ್ನೇ ನೋಡಿದ. "ಮುಗೀತು. ನಿಂಗೂ ಪಿಂಚಣಿ ಆಯ್ತು ಕಣ್ಲಾ, ಕುಂತ್ಕೋ."

ಇಬ್ಬರೂ ಅಕ್ಕಪಕ್ಕ ಕೂತೆವು. ಗೋಡೆಯಿಂದ ಮರದ ಪಟ್ಟಿಗಳು ಸುಣ್ಣದ ಚಕ್ಕೆಗಳ ಸಮೇತ ಕಿತ್ತು ಬರುತ್ತಿದ್ದವು. ಮೊದಮೊದಲು ಕೆಂಪಣ್ಣ ಒಂದೊಂದಕ್ಕೂ ಕತೆ ಹೇಳಿದ. ಈ ಮೂಲೆಯಲ್ಲಿ ಅಪ್ಪ ಪಾಯಿಂಟು ಬೇಡವೆಂದಿದ್ದು, ಅವ್ವ ಕದ್ದು ಹಾಕಿಸಿಕೊಂಡಿದ್ದು. ಆಮೇಲೆ ಮಾತು ಕಮ್ಮಿಯಾಯಿತು. ಒಂದು ಸಲ ಮಾತ್ರ, "ಅದ್ನ ವಸಿ ಮೆತ್ತಗೆ ಕೀಳಪ್ಪ" ಎಂದ. ಕೆಲಸ ಇನ್ನೂ ಕೆಲವು ದಿನಗಳದಿತ್ತು. ಅವನು ಬಂದದ್ದು ಅದೊಂದೇ ದಿನ.

ಸಂಜೆ ಹೊರಡುವಾಗ ತಟ್ಟೆಯಲ್ಲಿ ಪಂಚೆ, ಶಲ್ಯ, ಹಣ್ಣು, ಎಲೆ ಅಡಿಕೆ ಇಟ್ಟು ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. "ಆವತ್ತು ಪಂಚೆ ಕೊಟ್ಟು ನಿಮ್ಮಪ್ಪ ಈ ಮನೆ ಒಪ್ಸಿದ್ರು" ಎಂದು ಪಂಚೆಯ ಅಂಚನ್ನು ಬೆರಳಲ್ಲಿ ಸವರಿದ. "ಚೆನ್ನಾಗದೆ ಬುಡಿ, ಎಲ್ಲಾ ಚೆನ್ನಾಗದೆ" ಎಂದು ಮುಂಬಾಗಿಲಿನಿಂದ ಇಳಿದು ಹೋದ.

ನಲ್ಲಿ ಜುಮ್ಮೆನ್ನುವುದು ನಿಂತಿತು. ಅವ್ವನ ಬೀಪಿ ಹಾಗೇ ಇದೆ. ಮನೆಯೇನೋ ಸುರಕ್ಷಿತವಾಯಿತು. ಆದರೆ ಕೆಂಪಣ್ಣ ಬರಲಿಲ್ಲ. ಆಯುಧಪೂಜೆಗೂ ಬರಲಿಲ್ಲ. ಹೊಣಕೆರೆಯ ಮಗಳ ಮನೆಗೆ ಹೋಗಿದ್ದಾನೆ ಎಂದು ಯಾರೋ ಅಂದರು. ನಾನೇ ಮೈನ್ ಬೋರ್ಡಿಗೆ ಕುಂಕುಮ ಹಚ್ಚಲು ಹೋದೆ. ಪ್ಲಾಸ್ಟಿಕ್ಕಿನ ಹೊಸ ಡಬ್ಬಿ, ಕುಂಕುಮ ಹಿಡಿಯದೆ ಜಾರಿತು.

ಆಮೇಲಾಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಯೋಚಿಸುವುದಕ್ಕೆ ನನಗೆ ಯಾರೂ ಕಲಿಸಬೇಕಿಲ್ಲ. "ನಿನ್ನ ಕಣ್ಣು ಮಂಜಾಗಿದೆ ಕೆಂಪಣ್ಣ, ಇನ್ನು ನಮ್ಮನೆ ವೈರು ಮುಟ್ಟಬೇಡ" ಎಂದು ಅಡುಗೆಮನೆಯಲ್ಲೇ, ಅವನು ಮುದ್ದೆ ಮುರಿಯುತ್ತಿರುವಾಗಲೇ ಅಂದುಬಿಟ್ಟಿದ್ದರೆ? ಕೂಗಾಡುತ್ತಿದ್ದ. ನನ್ನ ವಂಶವನ್ನೆಲ್ಲ ಎಳೆದು ತರುತ್ತಿದ್ದ. ಚೀಲ ಎತ್ತಿಕೊಂಡು ಹೋಗಿ, ಕೋಪ ಇಳಿದ ಮೇಲೆ ಒಂದು ದಿನ ಮತ್ತೆ ಎಸರು ಏನೆಂದು ಕೇಳಿಕೊಂಡು ಬರುತ್ತಿದ್ದ. ಜಗಳವಾಡಿದ್ದರೆ ಅವನು ನಮ್ಮ ಮನೆಯವನಾಗಿಯೇ ಇರುತ್ತಿದ್ದ. ನಾವು ಮರ್ಯಾದೆ ಮಾಡಿದೆವು. ಅದಕ್ಕೆ ತಿರುಗಿ ಬೈಯಲು ಅವನಿಗೆ ದಾರಿಯೇ ಇರಲಿಲ್ಲ.

ಮೊನ್ನೆ ಅಂಗಡಿಯ ಮೆಟ್ಟಿಲಿಳಿದು, ಹೋಲ್ಡರನ್ನು ಕೈಯಲ್ಲಿ ಹಿಡಿದು, ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ. ಗೇಟಿನ ದೀಪ, ಸಣ್ಣ ಕೆಲಸ, ನೀನೇ ಬರಬೇಕು ಎಂದೆ. ಬತ್ತೀನಿ ಎಂದ. ಇವತ್ತು ಬಂದ.

ಮುಂಬಾಗಿಲಿಗೇ ಬಂದ. ಚಪ್ಪಲಿಯನ್ನು ಜೋಡಿಸಿ ಬಿಟ್ಟು, ಅವ್ವನಿಗೆಂದು ತಂದ ಬಾಳೆಹಣ್ಣಿನ ಚಿಪ್ಪನ್ನು ನನ್ನ ಕೈಗೆ ಕೊಟ್ಟು, ಹಾಲಿನ ಕುರ್ಚಿಯಲ್ಲಿ ಕೂತ. ನಾನು ಹೋಲ್ಡರ್ ತೋರಿಸಿದೆ. ಅವನು ಅದನ್ನು ತಿರುವಿ ನೋಡಿ ಹಿಂದಕ್ಕೆ ಕೊಟ್ಟ.

"ಆ ಸಾಬ್ರುಗೇ ಏಳಿ, ಚೆನ್ನಾಗಿ ಮಾಡ್ತಾರೆ. ನಾನೀಗ ನೆಂಟ ಕಣಪ್ಪ. ನೆಂಟನ ಕೈಲಿ ಕೆಲ್ಸ ಮಾಡುಸ್ತೀರಾ?"

ಕೋಪವಿರಲಿಲ್ಲ. ಹುಡುಕಿದೆ, ಒಂದಿಷ್ಟೂ ಇರಲಿಲ್ಲ. ಅಡುಗೆಮನೆಯಿಂದ ಅವ್ವ ಕೂಗಿದರು: "ಲೋ ಕೆಂಪ, ಬಸ್ಸಾರು ಮಾಡಿವ್ನಿ. ಎದ್ದು ಒಳಕ್ಕೆ ಬಾ, ಆರೋಯ್ತದೆ."

"ಊಟ ಆಗದೆ ಅಕ್ಕ. ಮುಗುಸ್ಕೊಂಡೇ ಬಂದೆ."

ಹನ್ನೊಂದು ಗಂಟೆಗೆ ಯಾರೂ ಊಟ ಮುಗಿಸಿರುವುದಿಲ್ಲ. ಅವ್ವ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ತಿರುಗಿ ಒಳಗೆ ಹೋದರು.

ಕಾಫಿ ಕುಡಿದು, ಕ್ಷೇಮ ಸಮಾಚಾರ ಮಾತಾಡಿ ಎದ್ದ. ಗೇಟಿನವರೆಗೆ ಕಳಿಸಲು ಹೋದೆ. ಇಷ್ಟು ವರ್ಷಗಳಲ್ಲಿ ಅವನನ್ನು ನಾನು ಎಂದೂ ಕಳಿಸಲು ಹೋಗಿರಲಿಲ್ಲ.

"ಬರ್ತೀನಿ. ಒಂದ್ಸಲ ನಮ್ಮನೆ ಕಡೆ ಬನ್ನಿ ಎಲ್ಲಾರೂ" ಎಂದ.

"ಖಂಡಿತ ಬರ್ತೀವಿ. ಮುಂದಿನ ವಾರವೇ ಬರ್ತೀವಿ" ಎಂದೆ. ಎಂದವನು ಅಲ್ಲೇ ತಡವರಿಸಿದೆ. ನಮ್ಮ ಮನೆಯ ಯಾವ ಗೋಡೆಯೊಳಗೆ ಯಾವ ತಂತಿ ಹರಿಯುತ್ತದೆಂದು ಕತ್ತಲಲ್ಲೂ ಹೇಳುತ್ತಿದ್ದ ಮನುಷ್ಯ ಅವನು. ಅವನ ಮನೆ ಎಲ್ಲಿದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ಅಕ್ಕಿಹೆಬ್ಬಾಳಲ್ಲಿ ಮನೆ ಯಾವ ಕಡೆ, ಕೆಂಪಣ್ಣ?"

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಬಾಳೆಹಣ್ಣು ತಂದಿದ್ದ ಬಟ್ಟೆಚೀಲವನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಾಡಿಸುತ್ತ ಹೇಳಿದ. ಬಸ್ಸಿಳಿದು ಸ್ಟೇಷನ್ ರಸ್ತೆ ಹಿಡಿಯಬೇಕು. ಹಾಲಿನ ಡೈರಿ ದಾಟಿದ ಮೇಲೆ ಹೊಳೆ ಕಡೆಗೆ ಒಂದು ಓಣಿ ಇಳಿಯುತ್ತದೆ. ಅಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಓಣಿ ಎಡಕ್ಕೋ ಬಲಕ್ಕೋ ಎಂದು ಕೇಳಿದೆ. ಅವನು ಬೇಸರಪಡದೆ, ಪರವೂರಿನವರಿಗೆ ದಾರಿ ಹೇಳುವ ಹಾಗೆ, ಮೊದಲಿನಿಂದ ಮತ್ತೊಮ್ಮೆ ಹೇಳಿದ.