ಇಲ್ಲದ ಕಜ್ಜಿ

ಮಾದೇವಿ, ನಿನ್ನ ಕೈಗೆ ಕಜ್ಜಿ ಆಗಿರಲಿಲ್ಲ. ಆಗಿದೆ ಎಂದು ಇಡೀ ತರಗತಿಯ ಎದುರು ಹೇಳಿದವಳು ನಾನು, ನಿನ್ನ ಟೀಚರ್. ಸುಳ್ಳೆಂದು ಗೊತ್ತಿದ್ದೇ ಹೇಳಿದೆ.

ಬೇಗೂರಿನ ಹತ್ತಿರದ ಆ ಶಾಲೆಗೆ ನಾನು ಬಂದಾಗ ಊರಿನ ಎಲ್ಲ ಬೀದಿಯ ಮಕ್ಕಳೂ ಅಲ್ಲಿದ್ದರು. ನಿಮ್ಮ ಕಾಲೋನಿಯವರೇ ಬೆರಳೆಣಿಕೆಯಷ್ಟು. ಆಮೇಲೆ ಗುಂಡ್ಲುಪೇಟೆಯಿಂದ ಕಾನ್ವೆಂಟಿನ ವ್ಯಾನು ಬರತೊಡಗಿತು. ಪ್ರತಿ ಜೂನ್‌ನಲ್ಲೂ ಮೇಲಿನ ಬೀದಿಯ ಒಂದಷ್ಟು ಮಕ್ಕಳು ಟಿ.ಸಿ. ಪಡೆದು ಹೋದರು, ನಿಮ್ಮ ಕಡೆಯಿಂದ ಹೆಣ್ಣುಮಕ್ಕಳೂ ಸೇರತೊಡಗಿದರು. ದಾಖಲಾತಿ ಪುಸ್ತಕದ ಜಾತಿಯ ಕಾಲಂ ನೋಡುವಾಗೆಲ್ಲ ನನಗೆ ದಿಗಿಲು. ಚಾಮರಾಜನಗರ ಬೇರೆ ಜಿಲ್ಲೆಯಾದ ವರ್ಷ ಮೇಲಿನ ಬೀದಿಯವರು ಉಳಿದದ್ದು ಆರೇ ಮಕ್ಕಳು. ಅವರೂ ಹೋದರೆ ಸಂಖ್ಯೆ ಸಾಲದೆ ಎರಡನೇ ಟೀಚರ್ ಹುದ್ದೆ ಹೋಗುತ್ತದೆ — ಅದು ನನ್ನದು. ಗಂಡ ತೀರಿಕೊಂಡಿದ್ದರು, ಕಂಕುಳಲ್ಲಿ ಕೂಸು. ಬಸ್ಸೇ ಹೋಗದ ಕಾಡಂಚಿನ ಊರಿಗೆ ಎತ್ತಿಹಾಕಿದರೆ...

ಕುಡಿಯುವ ನೀರಿನ ಮಡಕೆ ತುಂಬುವ ಪಾಳಿಗೆ ನಾಲ್ಕನೇ ತರಗತಿಯ ನಿನ್ನ ಹೆಸರನ್ನೂ ಬರೆದೆ. ಧೈರ್ಯದಿಂದಲ್ಲ, ಯೋಚಿಸಿರಲಿಲ್ಲ ಅಷ್ಟೆ. ಮರುದಿನವೇ ಮೇಲಿನ ಬೀದಿಯ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಅವರ ಇಬ್ಬರು ಮೊಮ್ಮಕ್ಕಳು ನಿನ್ನ ತರಗತಿಯಲ್ಲೇ ಇದ್ದರು.

"ನೀರ ಯಾರ್ ತುಂಬುದ್ರು ಅಂತ ನಾ ಕೇಳಾಕಿಲ್ಲ ಟೀಚ್ರೇ. ನಮ್ ಬೀದಿ ಐಕ್ಳ ಟೀಸಿ ಬರ್ದು ಮಡಗಿ, ಅಷ್ಟೇಯ."

ನಾನು ತರಗತಿಯ ಕಡೆ ತಿರುಗಿದೆ. ಜಾತಿಯ ಮಾತು ಬಾಯಲ್ಲಿ ಬರಬಾರದು, ಪಾಳಿಯಿಂದ ನಿನ್ನನ್ನು ಬಿಡಿಸಲೂ ಬೇಕು. "ಮಾದೇವಿ ಕೈಗೆ ಕಜ್ಜಿ ಆಗಿದೆ, ಅವಳು ಮಡಕೆ ಮುಟ್ಟುವುದು ಬೇಡ" ಅಂದೆ. ನೀನು ನಿನ್ನ ಕೈ ನೋಡಿಕೊಳ್ಳಲಿಲ್ಲ. ನನ್ನ ಮುಖ ನೋಡಿದೆ. ಅಂದಿನಿಂದ ನಿಮ್ಮ ಕಾಲೋನಿಯ ಮಕ್ಕಳೂ ನಿನ್ನ ಪಕ್ಕ ಕೂರಲಿಲ್ಲ.

ವಾರದ ಮೇಲೆ ನಿನ್ನ ತಾಯಿ ನಿನ್ನನ್ನು ಕರೆದುಕೊಂಡು ಬಂದರು. ನಿನ್ನ ಎರಡೂ ಕೈ ಹಿಡಿದು ನನ್ನ ಮುಂದೆ ಚಾಚಿದರು. ಅರಿಶಿನ ಮೆತ್ತಿ ಮೆತ್ತಿ ಅಂಗೈ ಹಳದಿಯಾಗಿತ್ತು.

"ದಿನಾ ಬೇವು ಅರ್ಸ್ನ ಅಚ್ತಾವ್ನಿ ಟೀಚ್ರೇ. ನಂಗೇನೂ ಕಾಣಾಕಿಲ್ಲ. ಓದ್ದೋರು ನೀವು, ನೋಡಿ, ಇನ್ನೂ ಅದಾ?"

ವಾಸಿಯಾಗಿದೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆ ಇಬ್ಬರು ಮೊಮ್ಮಕ್ಕಳು ಮೊದಲ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಸಂಜೆಯೊಳಗೆ ಅವರ ತಾತನಿಗೆ ಗೊತ್ತಾಗುತ್ತದೆ...

"ಇನ್ನೂ ಸ್ವಲ್ಪ ದಿನ ಹಚ್ಚಿ" ಅಂದೆ.

ಆಕೆ ತಲೆಯಾಡಿಸಿ ಹೊರಟರು. ಜೂನ್‌ನಲ್ಲಿ ಆ ಆರು ಮಕ್ಕಳೂ ವ್ಯಾನು ಹತ್ತಿದರು. ಇಡೀ ಶಾಲೆ ನಿಮ್ಮ ಕಾಲೋನಿಯ ಮಕ್ಕಳದೇ ಆಯಿತು. ಅಷ್ಟರಲ್ಲಿ ನೀನು ಬರುವುದನ್ನೇ ನಿಲ್ಲಿಸಿದ್ದೆ. ನನ್ನ ಹುದ್ದೆ ಹೋಗಲಿಲ್ಲ — ನಿಮ್ಮ ಕಡೆಯ ಮಕ್ಕಳೇ ಅಷ್ಟು ಮಂದಿ ಸೇರಿದ್ದರು. ಇದನ್ನು ಯಾರಿಗೂ ಹೇಳಿಕೊಳ್ಳಲಾಗದೆ ಇಷ್ಟು ವರ್ಷ ಬದುಕಿದೆ.

ಮೊನ್ನೆ ಬೇಗೂರಿನ ಬಸ್ ನಿಲ್ದಾಣದಲ್ಲಿ ನಿನ್ನ ತಾಯಿ ಸಿಕ್ಕರು. ಮುದುಕಿಯಾಗಿದ್ದಾರೆ. ಪಕ್ಕದಲ್ಲಿದ್ದವರಿಗೆ ನನ್ನನ್ನು ತೋರಿಸಿ, "ನನ್ ಮಗ್ಳ ಕೈ ನೋಡಿ ಕಾಯ್ಲೆ ಕಂಡಿಡ್ದೋರು ಇವ್ರೇ ಕಣವ್ವಾ" ಎಂದು ಕೈಮುಗಿದರು. ಅಂದರೆ ಅದು ಸುಳ್ಳೆಂದು ನೀನು ಅವರಿಗೆ ಹೇಳೇ ಇಲ್ಲ. ಒಂಬತ್ತು ವರ್ಷದ ಹುಡುಗಿ, ತಾಯಿ ನೊಂದುಕೊಳ್ಳುತ್ತಾಳೆಂದು... ನಾನು ಅವರಿಗೆ ತಿರುಗಿ ಕೈಮುಗಿದು ಬಸ್ ಹತ್ತಿಬಿಟ್ಟೆ.

ಭಾನುವಾರ ನಿಮ್ಮ ಮನೆಗೆ ಹೋಗಿ ಅವರಿಗೆ ನಿಜ ಹೇಳುತ್ತೇನೆ. ಮೊದಲು ನಿನ್ನನ್ನು ಕೇಳಬೇಕು ಅನ್ನಿಸಿತ್ತು. ಕೇಳುವುದಿಲ್ಲ. ಹೇಳಬೇಡಿ ಟೀಚರ್ ಎಂದು ನೀನು ಅಂದುಬಿಡಲಿ ಎಂಬ ಆಸೆ ನನಗಿದೆ, ಅದಕ್ಕೇ.