ಗೋಷ್ಠಿಯಲ್ಲಿ ಶೇಂಗಾ ಸುಲಿದ ದಿನ

ಯಾವ ಸಮ್ಮೇಳನಕ್ಕೇ ಹೋಗಿ, ಅಲ್ಲಿ ನಿಗದಿತ ವೇಳೆಗಿಂತ ಹತ್ತು ನಿಮಿಷ ಮೊದಲೇ ಆರಂಭವಾಗುವ ಕಲಾಪ ಒಂದೇ ಒಂದು: ಊಟದ ಸಾಲು. ಸಭಾಂಗಣದಲ್ಲಿ ಎರಡು ತಾಸು ಒಬ್ಬರ ಬೆನ್ನನ್ನೊಬ್ಬರು ನೋಡುತ್ತ ತೂಕಡಿಸಿದವರೇ ಕೈಗೆ ತಟ್ಟೆ ಬಂದೊಡನೆ ಬಾಲ್ಯಸ್ನೇಹಿತರಂತೆ ಮಾತಿಗಿಳಿಯುತ್ತಾರೆ. ಗೋಷ್ಠಿ ಎಂಬ ಶಬ್ದಕ್ಕೂ ದನದ ಕೊಟ್ಟಿಗೆಗೂ ಹಳೆಯ ನಂಟಿದೆಯೆಂದು ಬಲ್ಲವರು ಹೇಳುತ್ತಾರೆ. ಕಟ್ಟಿಹಾಕಿದಾಗ ಕಣ್ಣು ಮುಚ್ಚಿ ನಿಂತು, ಬಿಚ್ಚಿದಾಗ ಮೇವಿನತ್ತ ಓಡುವ ನಮ್ಮನ್ನು ಕಂಡವರಿಗೆ ಅದರಲ್ಲಿ ಸಂದೇಹ ಉಳಿಯಲಾರದು.

ನನಗಂತೂ ಜ್ಞಾನೋದಯವಾದದ್ದು ಅಂಥದೊಂದು ಸಾಲಿನಲ್ಲೇ. ಅದೂ ಸ್ವಲ್ಪ ಮುಖಭಂಗದೊಂದಿಗೆ.

ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ದಿನಗಳವು. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯ ಗ್ರಂಥಾಲಯದಲ್ಲಿ ನಾನು ಕೆಲಸಕ್ಕಿದ್ದೆ. ನಗರದಲ್ಲಿ ಗ್ರಂಥಪಾಲಕರ ಎರಡು ದಿನದ ಸಮ್ಮೇಳನ ಏರ್ಪಟ್ಟಾಗ, ಸ್ಥಳೀಯನೆಂಬ ಏಕೈಕ ಅರ್ಹತೆಯ ಮೇಲೆ ನನ್ನನ್ನು ಒಂದು ಸಣ್ಣ ಗುಂಪಿನ ಚರ್ಚೆಗೆ ಸಂಚಾಲಕನನ್ನಾಗಿ ನೇಮಿಸಿದರು. ವಿಷಯ, ಓದುಗರನ್ನು ಗ್ರಂಥಾಲಯಕ್ಕೆ ಕರೆತರುವ ಬಗೆ. ಹದಿನೈದು ಜನ, ಒಂದು ಕೋಣೆ, ಎರಡೂ ದಿನ ಒಂದೂವರೆ ತಾಸು. ಸಂಚಾಲಕನೆಂದರೆ ಚಲನೆ ಕೊಡುವವನು ತಾನೆ? ನಾನು ಚಲನೆ ಕೊಟ್ಟದ್ದು ನನ್ನ ನಾಲಿಗೆಗೆ ಮಾತ್ರ. ಹಿಂದಿನ ವಾರವಿಡೀ ಕೂತು ಬರೆದಿದ್ದ ಪ್ರಾಸ್ತಾವಿಕ ಭಾಷಣವನ್ನು ತಾಳೆಗರಿಯ ಕಾಲದಿಂದ ಆರಂಭಿಸಿ ಮುದ್ರಣಯಂತ್ರದವರೆಗೆ ತರುವಷ್ಟರಲ್ಲಿ ಒಂದು ತಾಸು ಸರಿದಿತ್ತು. ಉಳಿದ ಅರ್ಧ ತಾಸನ್ನು ವರಂಗಲ್ಲಿನಿಂದ ಬಂದಿದ್ದ ಒಬ್ಬ ಹಿರಿಯ ರಾಯರು, ನನ್ನ ಮಾತಿಗೆ ಪೂರಕವಾಗಿ ಒಂದೇ ಒಂದು ಮಾತು ಎನ್ನುತ್ತ, ನುಂಗಿ ನೀರು ಕುಡಿದರು. ವರದಿಯ ಪುಸ್ತಕದಲ್ಲಿ ‘ಚರ್ಚೆ ಅತ್ಯಂತ ಫಲಪ್ರದವಾಗಿತ್ತು’ ಎಂದು ಬರೆದು, ತೃಪ್ತಿಯಿಂದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆ.

ನನ್ನ ಮುಂದೆ ಇಬ್ಬರು ಹೆಂಗಸರು. ಒಬ್ಬಾಕೆ ಕನ್ನಡದಲ್ಲಿ ಹೇಳುತ್ತಿದ್ದರು: “ನಾಳಿ ನಾ ಆ ಗುಂಪಿಗೆ ಹೋಗಂಗಿಲ್ಲ ನೋಡ್ರಿ. ಎರಡು ದಿನದ ಕೆಲಸ ಬಿಟ್ಟು ಒಂದು ಮಾತು ಕೇಳಾಕ ಬಂದಿದ್ದೆ. ಆ ಮನಷ್ಯಾ ಉಸಿರು ತಗೊಂಡಿದ್ರ ನಾ ಬಾಯಿ ತೆಗೀತಿದ್ದೆ. ಉಸಿರೇ ತಗೊಳ್ಳಲಿಲ್ಲ!”

ಪಕ್ಕದಾಕೆ ನಕ್ಕು ಹಿಂದೆ ತಿರುಗಿದರು. ಉಸಿರಿಲ್ಲದ ಮನುಷ್ಯ ಅಲ್ಲೇ ನಿಂತಿದ್ದ. ಮಾತನಾಡಿದಾಕೆಯ ಮುಖ ಕೆಂಪಾಯಿತು. ನನ್ನದು ಯಾವ ಬಣ್ಣಕ್ಕೆ ತಿರುಗಿತೋ ಕಾಣೆ. ಏನಾದರೂ ಹೇಳಬೇಕಲ್ಲ ಎಂದು, “ನಾಳೆ ತಪ್ಪದೆ ಬರ್ರಿ, ನೀವೇ ಮೊದಲು ಮಾತಾಡೀರಂತ,” ಎಂದೆ. ಅವರು ಅನ್ನದ ಪಾತ್ರೆಯ ಕಡೆ ಸರಿದುಹೋದರು. ವಿಚಾರಿಸಿದಾಗ ತಿಳಿಯಿತು, ಹೆಸರು ಸುಮಿತ್ರಾಬಾಯಿ, ಮಲ್ಕಾಜ್‌ಗಿರಿಯ ಕಡೆ ರೈಲ್ವೆ ನೌಕರರ ವಾಚನಾಲಯವೊಂದನ್ನು ನೋಡಿಕೊಳ್ಳುತ್ತಾರೆ.

ಸಂಜೆ ಹಿಮಾಯತ್‌ನಗರದ ಮನೆಗೆ ಬಂದು ಹೆಂಡತಿ ಸುಶೀಲೆಯ ಮುಂದೆ ನನ್ನ ದುಃಖ ತೋಡಿಕೊಂಡೆ. ಸಮಾಧಾನ ಹೇಳುವುದು ಅವಳ ಜಾಯಮಾನವಲ್ಲ.

“ಆ ಬಾಯಿ ಖರೆ ಹೇಳ್ಯಾಳ ಬಿಡ್ರಿ,” ಎಂದಳು. “ಅರಿಶಿಣ ಕುಂಕುಮಕ್ಕ ನಮ್ಮನಿಗೆ ಹತ್ತು ಮಂದಿ ಬರ್ತಾರ. ಒಬ್ಬಾಕಿ ತೆಲುಗು, ಒಬ್ಬಾಕಿ ಮರಾಠಿ, ಒಬ್ಬಾಕಿ ಬೀದರದಾಕಿ. ನಾ ಏನು ಭಾಷಣ ಮಾಡ್ತೀನೇನು? ಸುತ್ತ ಕೂಡಸ್ತೀನಿ, ನಡುವ ಒಂದು ಬುಟ್ಟಿ ಬಟಾಣಿಕಾಯಿ ಇಡ್ತೀನಿ. ಕೈಗೆ ಕೆಲಸ ಇದ್ರ ಬಾಯಿ ತಾನ ಬಿಚ್ಚಿಕೊಂತದ.”

“ಒಬ್ಬಾಕಿನೇ ಮಾತಾಡಾಕ ನಿಂತ್ರ?”

“ಆಕಿಗೆ ಕಷಾಯ ಸೋಸಾಕ ಹಚ್ಚತೀನಿ. ನೀವೂ ಒಬ್ಬೊಬ್ಬರಿಗೆ ಒಂದೊಂದು ಮಾತು ಕೇಳ್ರಿ. ಕೇಳಿ, ಸುಮ್ಮನ ಕೂಡ್ರಿ. ಸುಮ್ಮನ ಕೂಡೂದು ಭಾಳ ತ್ರಾಸ ಐತಿ ನಿಮಗ, ಗೊತ್ತೈತಿ ನನಗ.”

ಮೂವತ್ತು ವರ್ಷ ಗ್ರಂಥಗಳ ನಡುವೆ ಕುಳಿತವನಿಗೆ ದೊರೆಯದ ಸಭಾಶಾಸ್ತ್ರ ಅಡುಗೆಮನೆಯ ಹೊಸ್ತಿಲಲ್ಲಿ ದೊರೆಯಿತು.

ಮರುದಿನ ಬೆಳಿಗ್ಗೆ ದಾರಿಯಲ್ಲಿ ಬಂಡಿಯವನಿಂದ ಒಂದು ದೊಡ್ಡ ಪೊಟ್ಟಣ ಹುರಿದ ಶೇಂಗಾಕಾಯಿ ಕೊಂಡು, ಕೋಣೆಯ ಕುರ್ಚಿಗಳನ್ನು ನಾನೇ ಎಳೆದಾಡಿ ದುಂಡಗೆ ಜೋಡಿಸಿ, ಪೊಟ್ಟಣವನ್ನು ನಡುವೆ ಬಿಚ್ಚಿಟ್ಟೆ. ಹದಿನೈದು ಜನರ ಪೈಕಿ ಬಂದವರು ಆರು. ಮಿಕ್ಕವರು ಚಾರ್‌ಮಿನಾರಿನ ಹತ್ತಿರ ಬಳೆ ಕೊಳ್ಳಲು ಹೋಗಿದ್ದರೆಂದು ಆಮೇಲೆ ತಿಳಿಯಿತು. ವರಂಗಲ್ಲಿನ ರಾಯರು ಎಲ್ಲರಿಗಿಂತ ಮೊದಲೇ ಬಂದಿದ್ದರು. ಅವರು ಗಂಟಲು ಸರಿಪಡಿಸಿಕೊಳ್ಳುವ ಮುನ್ನವೇ ವರದಿಯ ಪುಸ್ತಕ ಅವರ ಕೈಗಿಟ್ಟು, “ನಿಮ್ಮಂಥ ಅಕ್ಷರ ಯಾರದಿದೆ, ಎಲ್ಲರ ಮಾತನ್ನೂ ನೀವೇ ಬರೆದುಕೊಳ್ಳಬೇಕು,” ಎಂದು ಬೇಡಿಕೊಂಡೆ. ಬರೆಯುವ ಕೈಗೂ ಆಡುವ ಬಾಯಿಗೂ ಏಕಕಾಲದಲ್ಲಿ ಕೂಡಿಬರುವುದಿಲ್ಲ. ರಾಯರು ಹೆಮ್ಮೆಯಿಂದ ಮೌನವಾದರು. ಕೊನೆಯ ಕುರ್ಚಿಯಲ್ಲಿ, ಎದ್ದುಹೋಗಲು ಅನುಕೂಲವಾಗುವಂತೆ, ಸುಮಿತ್ರಾಬಾಯಿ ಕುಳಿತಿದ್ದರು.

“ನಿನ್ನೆ ಒಂದು ಮಾತು ಉಳಿದಿತ್ತಲ್ಲರಿ,” ಎಂದಷ್ಟೇ ಹೇಳಿ, ನಾನು ಬಾಯಿಗೆ ನಾಲ್ಕು ಶೇಂಗಾಬೀಜ ತುಂಬಿಕೊಂಡೆ. ಮೌನವ್ರತಕ್ಕೆ ನನಗೆ ತಿಳಿದ ಸುಲಭ ಸಾಧನ ಅದೊಂದೇ.

ಆಕೆ ಕಾಯಿ ಸುಲಿಯುತ್ತ ಹಿಂದಿಯಲ್ಲಿ, ನಡುನಡುವೆ ತೆಲುಗಿನಲ್ಲಿ, ಮೆಲ್ಲಗೆ ಹೇಳಿದರು. ವಾಚನಾಲಯಕ್ಕೆ ಯಾರೂ ಬರುವುದಿಲ್ಲ. ಮೇಲಿನವರು ಮುಂದಿನ ತಿಂಗಳು ತಪಾಸಣೆಗೆ ಬರುತ್ತಾರೆ. ಕೋಣೆ ಖಾಲಿ ಕಂಡರೆ ಪುಸ್ತಕಗಳನ್ನು ಗಂಟು ಕಟ್ಟಿ ಎಲ್ಲಿಗೋ ಸಾಗಿಸಿ, ಅದನ್ನು ಹಳೆಯ ಕಡತಗಳ ದಫ್ತರು ಇಡುವ ಕೋಣೆ ಮಾಡುತ್ತಾರೆ. ಕೆಲಸದಲ್ಲಿದ್ದಾಗಲೇ ತೀರಿಕೊಂಡ ಗಂಡನ ಬದಲಿಗೆ ಈಕೆಗೆ ಸಿಕ್ಕಿದ ನೌಕರಿ ಅದು. “ನನಗ ಬ್ಯಾರೆ ಕಡೆ ಹಾಕ್ತಾರ, ಅದರ ಚಿಂತಿ ಇಲ್ಲ,” ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲಿ ಸೇರಿಸಿದರು. “ಆದ್ರ ಆ ಪುಸ್ತಕಕ್ಕೆಲ್ಲಾ ನಾನ ರಟ್ಟು ಹಾಕೀನ್ರಿ.”

ನನ್ನ ನಾಲಿಗೆಯ ತುದಿಗೆ ಒಂದು ಸುಭಾಷಿತ ಬಂದಿತ್ತು. ಇನ್ನೆರಡು ಬೀಜ ಹಾಕಿ ಅದನ್ನು ಒಳಗೇ ತಳ್ಳಿದೆ.

ಮೊದಲು ಬಾಯಿ ತೆರೆದವರು ನಿಜಾಮಾಬಾದಿನ ಒಬ್ಬ ಶಾಲಾ ಗ್ರಂಥಪಾಲಕರು. ಎಷ್ಟು ಗಂಟೆಗೆ ಬಾಗಿಲು ತೆರೆಯುತ್ತೀರಿ ಎಂದು ಕೇಳಿದರು. ಹತ್ತರಿಂದ ಐದು. ಡ್ರೈವರುಗಳು, ಗಾರ್ಡುಗಳು ಪಾಳಿ ಮುಗಿಸಿ ಇಳಿಯುವುದು? ಬೆಳಿಗ್ಗೆ ಆರಕ್ಕೆ. ಇಳಿದವರು ಏನು ಮಾಡುತ್ತಾರೆ? ಲೋಕಲ್ ಗಾಡಿಗೆ ಕಾಯುತ್ತ ಪ್ಲಾಟ್‌ಫಾರ್ಮಿನಲ್ಲಿ ಕೂಡುತ್ತಾರೆ. ಅಷ್ಟು ಹೇಳಿದ ಸುಮಿತ್ರಾಬಾಯಿಯವರ ಕೈ ಅರ್ಧ ಸುಲಿದ ಕಾಯಿಯೊಂದಿಗೆ ನಿಂತುಹೋಯಿತು. ಯಾರೂ ಮತ್ತೇನೂ ಹೇಳಬೇಕಾಗಲಿಲ್ಲ. ವೇಳೆ ಬದಲಿಸಲು ಅಪ್ಪಣೆ ಬೇಕೆಂದಾಗ ರಾಯರು ವರದಿ ಬರೆಯುವುದನ್ನು ಬಿಟ್ಟು, ಅಲ್ಲೇ ಒಂದು ಸೊಗಸಾದ ಅರ್ಜಿ ಬರೆದುಕೊಟ್ಟರು. ಅರ್ಜಿ ಒಂದೇ ಪುಟದಲ್ಲಿ ಮುಗಿಯಿತೆಂಬುದು ಅವರಿಗೇ ಆಶ್ಚರ್ಯ.

ಸಮಾರೋಪದಲ್ಲಿ ನಮ್ಮ ಗುಂಪಿನ ವರದಿಗೆ ಹತ್ತು ನಿಮಿಷ ಕೊಟ್ಟಿದ್ದರು. ನಾನು ಎದ್ದು, ಈಕೆ ಹೇಳುತ್ತಾರೆ ಎಂದು ಸುಮಿತ್ರಾಬಾಯಿಯವರನ್ನು ತೋರಿಸಿ ಕುಳಿತೆ. ನನ್ನನ್ನು ಬಲ್ಲ ಸಂಘಟಕರೊಬ್ಬರು ಓಡಿಬಂದು, ಮೈಗೆ ಹುಷಾರಿಲ್ಲವೇ ಎಂದು ಕೇಳಿದರು.

ತಪಾಸಣೆ ಮುಗಿದ ಮೇಲೆ ಸುಮಿತ್ರಾಬಾಯಿಯವರಿಂದ ಒಂದು ಕಾರ್ಡು ಬಂತು. ಕೋಣೆಯ ಅರ್ಧಕ್ಕೆ ತಟ್ಟಿ ಕಟ್ಟಿ ದಫ್ತರು ತುಂಬಿದ್ದಾರೆ, ಅರ್ಧ ಉಳಿದಿದೆ, ಬೆಳಿಗ್ಗೆ ಆರಕ್ಕೆ ತೆರೆಯುತ್ತೇನೆ, ಒಮ್ಮೆ ಬಂದು ನೋಡಿರಿ.

ಒಂದು ಬೆಳಿಗ್ಗೆ ಹೋದೆ. ಹದಿನೈದಿಪ್ಪತ್ತು ಜನ, ಕೆಲವರು ಕಾಲ ಬಳಿ ತಮ್ಮ ಕಬ್ಬಿಣದ ಪೆಟ್ಟಿಗೆ ಇಟ್ಟುಕೊಂಡು, ಕೆಲವರು ಗೋಡೆಗೊರಗಿ ಓದುತ್ತಿದ್ದರು. ಸುಮಿತ್ರಾಬಾಯಿ ಚಹಾ ಕೊಟ್ಟು, “ಎರಡು ಮಾತು ಹೇಳ್ರಿ ಸರ,” ಎಂದರು. ಹೇಳಿದ ಮೇಲೆ ತಾವೇ ಗಾಬರಿಯಾದಂತೆ ಕಂಡಿತು.

ನಾನು ಹೇಳಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಡ್ರೈವರನ್ನು, ಏನು ಓದುತ್ತಿದ್ದೀರಿ ಎಂದು ಕೇಳಿದೆ. ಮೂವತ್ತು ವರ್ಷದ ನೌಕರಿಯಲ್ಲಿ ಒಬ್ಬ ಓದುಗನನ್ನು ಹಾಗೆ ಕೇಳಿದ್ದು ಅದೇ ಮೊದಲೆಂದು ಕೇಳಿದ ಮೇಲೆ ಹೊಳೆಯಿತು.

“ಹಕ್ಕಿ ಪುಸ್ತಕರಿ,” ಎಂದ ಆತ. ರಾಯಚೂರಿನ ಕಡೆಯವನು. “ಇಪ್ಪತ್ತು ವರ್ಷ ಆತು, ಎಂಜಿನ್ ಮುಂದ ತಂತಿ ಮ್ಯಾಲ ಕೂತಿರ್ತಾವ. ದಿನಾ ನೋಡ್ತೀನಿ, ಒಂದರ ಹೆಸರೂ ಗೊತ್ತಿದ್ದಿಲ್ಲ. ಇಕಾ, ಇದು ನೀಲಕಂಠ ಅಂತ. ವಿಕಾರಾಬಾದ್ ದಾಟಿದ ಮ್ಯಾಲ ಬರ್ತದ ನೋಡ್ರಿ ಇದು...”

ನಾನು ಹತ್ತಬೇಕಿದ್ದ ಗಾಡಿ ಹೊರಗೆ ಕೂಗಿತು. ಆತ ಪುಟ ತಿರುವಿದ. ನಾನು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.