ತಟ್ಟೆಯ ಸದ್ದಿಗೆ ಎದ್ದ ಮರಿಗಳು

ಬೀದಿಯ ಮಕ್ಕಳು ಅವಳಿಗೆ ಇಟ್ಟ ಹೆಸರು ಚುಕ್ಕಿ ಅತ್ತೆ. ಚುಕ್ಕಿ ಇದ್ದದ್ದು ಅವಳ ಮೈಮೇಲಲ್ಲ, ಅವಳು ಸಾಕುತ್ತಿದ್ದ ಡಾಲ್ಮೇಷಿಯನ್ ನಾಯಿಗಳ ಮೈಮೇಲೆ. ಬಿಳಿ ಮೈ, ಕಪ್ಪು ಚುಕ್ಕಿ, ನೋಡಿದವರೆಲ್ಲ "ಅಯ್ಯೋ, ಎಷ್ಟು ಮುದ್ದಾಗಿದೆ" ಎಂದು ಬಾಯಿ ಬಿಡುವಂಥ ಜಾತಿ. ಮುದ್ದಂತೆ ಮುದ್ದು! ಬೆಳಗಾದರೆ ಹಿತ್ತಿಲು ತೊಳೆಯಬೇಕು, ಬಾಣಂತಿ ನಾಯಿಯ ಹಾಸು ಬದಲಿಸಬೇಕು, ಮರಿಗಳು ಭೇದಿ ಮಾಡಿಕೊಂಡರೆ ಬಳಿಯಬೇಕು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ಮನೆಯಲ್ಲಿ ಕೆಸರು ಇವಳ ಕೈಗೆ, ಮೊಸರು ಮೈದುನನ ಬಾಯಿಗೆ.

ಮರಿ ಮಾರುವುದು ಆ ಮೈದುನನ ಕೆಲಸ. ನಾಲಿಗೆಗೆ ಎಲುಬಿಲ್ಲದ ಮನುಷ್ಯ. ಬೀದಿನಾಯಿಯನ್ನು ತಂದು ಕೊಟ್ಟರೂ ಅದರ ಮುತ್ತಾತ ಅರಮನೆಯಲ್ಲಿದ್ದ ಎಂದು ನಂಬಿಸಿಬಿಡುತ್ತಿದ್ದ. ಇನ್ನು ಗಂಡ, ಅವನು ಆರಕ್ಕೇರದವ, ಮೂರಕ್ಕಿಳಿಯದವ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತ ಕೂತಿರುತ್ತಿದ್ದ. ಹಿತ್ತಿಲಲ್ಲಿ ಹೆಂಡತಿಗೂ ತಮ್ಮನಿಗೂ ಮಾತು ಜೋರಾದರೆ ಯಂತ್ರದ ಚಕ್ರ ಇನ್ನೂ ಜೋರಾಗಿ ತಿರುಗಿಸುತ್ತಿದ್ದ, ಅಷ್ಟೆ.

ಈ ಚುಕ್ಕಿ ನಾಯಿಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡ ಒಂದು ಪಿಡುಗಿದೆ. ಕೆಲವು ಮರಿಗಳಿಗೆ ಕಿವಿ ಕೇಳುವುದಿಲ್ಲ. ಇನ್ನು ಕೆಲವಕ್ಕೆ ಒಂದು ಕಿವಿ ಕೇಳುತ್ತದೆ, ಇನ್ನೊಂದು ಕೇಳುವುದಿಲ್ಲ. ಪೂರ್ತಿ ಕಿವುಡಾದರೆ ಇವತ್ತಲ್ಲ ನಾಳೆ ಗೊತ್ತಾಗುತ್ತದೆ. ಒಂದೇ ಕಿವಿಯದು ಯಾರ ಕೈಗೂ ಸಿಗುವುದಿಲ್ಲ. ಕರೆದರೆ ಬರುತ್ತದೆ, ಗೇಟು ಕಿರ್ರೆಂದರೆ ಬೊಗಳುತ್ತದೆ, ಒಂದು ದಿನ ತಾಯಿಯಾಗಿ ಆ ದೋಷವನ್ನು ಮರಿಗಳಿಗೂ ದಾಟಿಸುತ್ತದೆ. ಅದಕ್ಕೇ ಚುಕ್ಕಿ ಅತ್ತೆ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದಳು. ಮರಿಗಳು ಹಾಲು ಬಿಡುವ ಹೊತ್ತಿಗೆ ಬುಟ್ಟಿಯಲ್ಲಿ ಹಾಕಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೊರಟುಬಿಡುತ್ತಿದ್ದಳು. ಅಲ್ಲಿ ತಲೆಯ ಚರ್ಮಕ್ಕೆ ಕೂದಲೆಳೆಯಂಥ ಸೂಜಿ ಸಿಕ್ಕಿಸಿ, ಒಂದೊಂದೇ ಕಿವಿಗೆ ಟಿಕ್ ಟಿಕ್ ಸದ್ದು ಬಿಡುತ್ತಾರೆ. ಕಿವಿ ಸರಿಯಿದ್ದರೆ ಪರದೆಯ ಮೇಲಿನ ಗೆರೆ ಅಲೆಯಂತೆ ಏಳುತ್ತದೆ, ಇಲ್ಲದಿದ್ದರೆ ಚಪ್ಪಟೆ ಮಲಗಿರುತ್ತದೆ. ಎರಡೂ ಗೆರೆ ಎದ್ದ ನಾಯಿಯಿಂದ ಮಾತ್ರ ಅವಳು ಮರಿ ಮಾಡಿಸುತ್ತಿದ್ದಳು. ಕಿವುಡು ಮರಿ ಬಂದರೆ ಮುಚ್ಚಿಡದೆ ಹೇಳಿ, ಸಾಕುವ ಮನಸ್ಸಿದ್ದವರಿಗೆ ಕೊಡುತ್ತಿದ್ದಳು.

ಒಂದು ಸಲ ಮಾತ್ರ ಅವಳಿಗೆ ಹೋಗಲಾಗಲಿಲ್ಲ. ತೊಳೆದ ಹಿತ್ತಿಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲಿದ್ದಳು. ಬುಟ್ಟಿ ಎತ್ತಿಕೊಂಡು ಮೈದುನ ಹೋದ. ಸಂಜೆ ಶಿಳ್ಳೆ ಹಾಕುತ್ತ ಬಂದ.

"ಎಲ್ಲಾ ಪಾಸು ಅತ್ತಿಗೆ! ಫಸ್ಟ್ ಕ್ಲಾಸು!"

ಮರಿಗಳು ಒಂದೊಂದಾಗಿ ಮಾರಿಹೋದವು. ಒಂದು ಹೆಣ್ಣನ್ನು ಮಾತ್ರ ಅವಳು ತನಗೆಂದು ಉಳಿಸಿಕೊಂಡಳು. ಅದಕ್ಕೆ ಗುಲಗಂಜಿ ಎಂದು ಹೆಸರಿಟ್ಟಳು. ಮದುವೆಯಾಗಿ ಬಂದ ಹೊಸದರಲ್ಲಿ ಅದರ ಅಜ್ಜಿಯ ಅಜ್ಜಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದವಳು ಇವಳು. ಆ ವಂಶದಲ್ಲಿ ಮರಿ ಹಾಕುವ ವಯಸ್ಸಿನದು ಈಗ ಮನೆಯಲ್ಲಿ ಉಳಿದದ್ದು ಗುಲಗಂಜಿ ಒಂದೇ. ಅಷ್ಟು ಚೆಂದದ ನಾಯಿ ಆ ಹಿತ್ತಿಲಲ್ಲಿ ಇನ್ನೊಂದು ಹುಟ್ಟಿರಲಿಲ್ಲ. ಎರಡು ವರ್ಷ ತುಂಬಿದ ಮೇಲೆ ಗಂಡು ಗೊತ್ತಾಯಿತು. ಇನ್ನೂ ಹುಟ್ಟದ ಮರಿಗಳಿಗೆ ಮೈದುನ ಆಗಲೇ ಗಿರಾಕಿ ಹಿಡಿದಿದ್ದ.

ಆ ವಾರವೇ ಡ್ರೈವಿಂಗ್ ಶಾಲೆಯ ಮೇಷ್ಟ್ರು ಗೇಟಿನ ಮುಂದೆ ಕಾರು ನಿಲ್ಲಿಸಿದ್ದು. ಗುಲಗಂಜಿಯ ಜೊತೆ ಹುಟ್ಟಿದ ಗಂಡು ಮರಿಯನ್ನು ಕೊಂಡವನು ಅವನೇ. ಹಿಂದಿನ ಸೀಟಿನಿಂದ ಅದನ್ನು ಸರಪಳಿ ಹಿಡಿದು ಎಳೆದು ಇಳಿಸಿದ.

"ತಗೊಳ್ಳಿ ನಿಮ್ಮ ಮಾಲು. ಹೇಳಿದ್ದು ಒಂದೂ ಕೇಳಲ್ಲ. ಬಾ ಅಂದ್ರೆ ಬೇರೆ ಕಡೆ ಮೂಸ್ತಾ ನಿಂತಿರುತ್ತೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ! ಗಾಡಿ ಕಲಿಯೋಕೆ ಬರೋ ಎಂಥೆಂಥ ದಡ್ಡರನ್ನ ದಾರಿಗೆ ತಂದಿದ್ದೀನಿ, ಈ ಹಠಮಾರಿ ಮುಂದೆ ನನ್ನ ಆಟ ನಡೀಲಿಲ್ಲ."

"ದಾರಿಗೆ ತರೋದು ಅಂದ್ರೆ ಹೇಗೆ?" ಎಂದು ಕೇಳಿದಳು ಚುಕ್ಕಿ ಅತ್ತೆ.

"ಇನ್ನೇನು, ಬೆಲ್ಟು," ಎಂದ ಅವನು. ಊಟಕ್ಕೆ ಉಪ್ಪು ಕೇಳುವಷ್ಟು ಸಲೀಸಾಗಿ.

ನಾಯಿಯ ಬೆನ್ನಿನ ಮೇಲೆ ಕೂದಲು ಉದುರಿ ಬಾಸುಂಡೆಗಳು ಗಟ್ಟಿಯಾಗಿದ್ದವು. ಹಳೆಯದರ ಮೇಲೆ ಹೊಸದು. ಮೈದುನನೋ, ಹಲ್ಲು ಕಿರಿದುಕೊಂಡು ಮುಂದೆ ಬಂದ.

"ಬೇಜಾರು ಮಾಡ್ಕೋಬೇಡಿ ಸಾರ್. ಗುಲಗಂಜಿ ಮರಿ ಹಾಕ್ಲಿ, ಮೊದಲನೇದು ನಿಮ್ಗೇ."

ಮೇಷ್ಟ್ರು ಹೋದ ಮೇಲೆ ಗಂಡು ನಾಯಿ ಹಿತ್ತಿಲ ಮೂಲೆಯಲ್ಲಿ ಬಿದ್ದುಕೊಂಡು ನಿದ್ದೆಹೋಯಿತು. ಅವಳು ಅದನ್ನೇ ನೋಡುತ್ತ ನಿಂತಿದ್ದವಳು, ಕೈಯಲ್ಲಿದ್ದ ತಗಡಿನ ಬಕೆಟ್ಟನ್ನು ಬೇಕೆಂದೇ ಕಲ್ಲಿನ ಮೇಲೆ ಎತ್ತಿ ಹಾಕಿದಳು. ಉಳಿದ ನಾಯಿಗಳೆಲ್ಲ ಎದ್ದು ಬೊಗಳಿ ರಂಪ ಎಬ್ಬಿಸಿದವು. ಇದರ ಒಂದು ರೆಪ್ಪೆಯೂ ಅಲುಗಲಿಲ್ಲ. ಅಯ್ಯೋ ದೇವರೇ, ಕೇಳದ ಮಾತನ್ನು ಕೇಳಲಿಲ್ಲವೆಂದು ಎರಡು ವರ್ಷ ಬಾರಿಸಿದ್ದಾನಲ್ಲ ಪಾಪಿ!

ಅವಳು ಮೈದುನನ ಕಡೆ ತಿರುಗಿದಳು. "ಅವತ್ತು ಇವನ್ನ ಮಷೀನಿಗೆ ತೋರಿಸಿದ್ಯೋ ಇಲ್ವೋ?"

"ತೋರಿಸ್ದೆ ಅಂದ್ರೆ... ಅಲ್ಲಿ ಸಿಕ್ಕಾಪಟ್ಟೆ ಸಾಲಿತ್ತು ಅತ್ತಿಗೆ. ಗೆಳೆಯನ ಶೆಡ್ಡಲ್ಲಿ ನಾನೇ ಟೆಸ್ಟ್ ಮಾಡ್ದೆ. ಮರಿಗಳು ಬುಟ್ಟೀಲಿ ಮಲಗಿದ್ವು. ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿದೆ. ಅಪ್ಪನಾಣೆ, ಎಲ್ಲಾ ಒಟ್ಟಿಗೇ ತಲೆ ಎತ್ತಿದ್ವು!"

"ಥೂ ನಿನ್ನ! ಒಂದರ ಮೇಲೊಂದು ಬಿದ್ದು ಮಲಗಿರ್ತವೆ ಕಣೋ. ಒಂದು ಬೆಚ್ಚಿ ಎದ್ರೆ ಅದರ ಹೊಟ್ಟೆ ಕೆಳಗಿರೋದೂ ಏಳುತ್ತೆ. ಬಸ್ಸಲ್ಲಿ ಪಕ್ಕದವನು ಧಡಕ್ಕಂತ ಎದ್ರೆ ನಿನಗೆ ಎಚ್ಚರ ಆಗಲ್ವಾ? ನನ್ನ ಕಿವಿ ಮೇಲೆ ಹೂವಿಟ್ಟು, ಊರೆಲ್ಲ ಸುಳ್ಳು ಮಾರಿದ್ಯಲ್ಲೋ!"

"ಗುಲಗಂಜಿಗೆ ಚೆನ್ನಾಗೇ ಕೇಳುತ್ತಲ್ಲ ಅತ್ತಿಗೆ. ಹೋಗಿದ್ದು ಹೋಯ್ತು ಬಿಡಿ."

ಆ ಮಾತಿಗೆ ಅವಳು ಗುಲಗಂಜಿಯನ್ನು ನೋಡಿದಳು. ಹೌದಲ್ಲ, ಗುಲಗಂಜಿಯೂ ಅದೇ ಬುಟ್ಟಿಯಲ್ಲಿ ಇತ್ತಲ್ಲ. ಮಾರನೆಯ ದಿನ ಎರಡನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದಳು. ಗಂಡಿನ ಎರಡು ಗೆರೆಯೂ ಚಪ್ಪಟೆ. ಅದು ಅವಳಿಗೆ ಗೊತ್ತಿದ್ದದ್ದೇ. ಗುಲಗಂಜಿಯ ಬಲಗಿವಿಯ ಗೆರೆ ಚೆನ್ನಾಗಿ ಎದ್ದಿತು. ಎಡಗಿವಿಗೆ ಸದ್ದು ಬಿಟ್ಟರು. ಗೆರೆ ಏಳಲಿಲ್ಲ. ಅವಳು ಇನ್ನೊಮ್ಮೆ ನೋಡಲು ಹೇಳಿದಳು. ಆಗಲೂ ಏಳಲಿಲ್ಲ.

ಡಾಕ್ಟರಮ್ಮ ಸೂಜಿ ತೆಗೆಯುತ್ತ ಸಮಾಧಾನ ಹೇಳಿದರು. "ಸಾಕೋಕೆ ಏನೂ ತೊಂದ್ರೆ ಇಲ್ಲಮ್ಮ. ಮರಿ ಮಾಡ್ಸೋದು ನಿಮಗೆ ಬಿಟ್ಟಿದ್ದು. ಎಷ್ಟೋ ಜನ ಮಾಡಿಸ್ತಾರೆ, ಯಾರು ಕೇಳ್ತಾರೆ?"

ಯಾರು ಕೇಳುತ್ತಾರಂತೆ! ಓದಿದವರ ಬಾಯಲ್ಲೂ ಇದೇ ಮಾತು. ಅವಳಿಗೆ ಆ ಕೋಣೆಯ ಫಿನಾಯಿಲ್ ವಾಸನೆಯೂ ಹೇಸಿಗೆಯಾಯಿತು.

ಮನೆಯಲ್ಲಿ ಮೈದುನ ಕೈಮುಗಿದ, ಗೋಗರೆದ. "ಒಂದು ಕಿವಿ ಇದೆಯಲ್ಲ ಅತ್ತಿಗೆ! ಎಷ್ಟು ಮನುಷ್ಯರು ಒಂದೇ ಕಿವೀಲಿ ಸಂಸಾರ ಮಾಡ್ತಿಲ್ಲ? ಇದೊಂದು ಸಲ ಮರಿ ಹಾಕ್ಲಿ. ಇದಕ್ಕೆ ಮರಿ ಆಗದ ಹಾಗೆ ಆಪರೇಷನ್ ಮಾಡ್ಸಿದ್ರೆ ನಿಮ್ಮ ವಂಶಾನೇ ಮುಗೀತು, ತಿಳ್ಕೊಳ್ಳಿ."

ಅದು ಅವಳಿಗೆ ತಿಳಿಯದ ಮಾತೇ? ಆ ರಾತ್ರಿ ಒಂದು ಸಲ, ಒಂದೇ ಒಂದು ಸಲ ಮರಿ ಹಾಕಿಸಿ ಒಂದು ಹೆಣ್ಣನ್ನು ಉಳಿಸಿಕೊಂಡರೆ ಏನಾಗುತ್ತದೆ ಎಂದು ಮನಸ್ಸು ಆಸೆಪಟ್ಟಿತು. ಹಾಗೆ ಆಸೆಪಟ್ಟ ಮನಸ್ಸಿನ ಮೇಲೂ ಅವಳಿಗೆ ಅಸಹ್ಯ ಹುಟ್ಟಿತು. ಮೂಲೆಯಲ್ಲಿ ಗಂಡು ನಾಯಿ ನಿದ್ದೆಗಣ್ಣಲ್ಲೇ ನಡುಗುತ್ತಿತ್ತು. ವಾರ ಕಳೆಯುವುದರೊಳಗೆ ಅವಳು ಗುಲಗಂಜಿಗೆ ಆಪರೇಷನ್ ಮಾಡಿಸಿದಳು. ಆಟೋದಲ್ಲಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮನೆಯವರೆಗೂ ಅಳುತ್ತ ಬಂದಳು. ಆ ಮಾರಿದ ಮರಿಗಳನ್ನೆಲ್ಲ ಪರೀಕ್ಷೆ ಮಾಡಿಸಿ ಎಂದು ಕೊಂಡವರ ಮನೆಮನೆಗೂ ತಾನೇ ಫೋನು ಮಾಡಿದಳು. ಕೆಲವರು ಬೈದರು, ಬೈಸಿಕೊಂಡಳು.

ಮೇಷ್ಟ್ರು ಫೋನಿಗೆ ಸಿಗಲಿಲ್ಲ. ಮೈದುನನೇ ಅವನನ್ನು ಒಂದು ದಿನ ಕರೆದುಕೊಂಡು ಬಂದ. ಸಮಾಧಾನ ಮಾಡಿ, ಬೇರೆ ಯಾರದೋ ಮರಿ ದಾಟಿಸುವ ಹುನ್ನಾರ ಅವನದು. ಗಂಡು ನಾಯಿ ನಡುಮನೆಯಲ್ಲಿ ಮಲಗಿತ್ತು. ಬೂಟಿನ ಹೆಜ್ಜೆಗೆ ನೆಲ ಅದುರಿತೋ ಏನೋ, ಕಣ್ಣು ಬಿಟ್ಟು ಅವನನ್ನು ಕಂಡಿತು. ಕಂಡದ್ದೇ ತಡ, ಮುದುಡಿ ಗೋಡೆಗೆ ಅಂಟಿಕೊಂಡು ಕುಂತಲ್ಲೇ ಉಚ್ಚೆ ಹೊಯ್ದುಕೊಂಡಿತು.

"ನೋಡಿ, ಬುದ್ಧಿ ಇನ್ನೂ ಬಂದಿಲ್ಲ," ಎಂದು ಮೇಷ್ಟ್ರು ಬೂಟು ಹಿಂದಕ್ಕೆ ಎಳೆದುಕೊಂಡ.

"ಅದಕ್ಕೆ ಹುಟ್ಟಿದಾಗಿಂದ ಕಿವಿ ಕೇಳಲ್ಲ," ಎಂದಳು ಅವಳು. "ಎರಡೂ ಕಿವಿ. ನಿಮ್ಮ ಒಂದು ಮಾತೂ ಅದಕ್ಕೆ ಕೇಳಿಸಿಲ್ಲ."

ಅವನ ಮುಖ ಕಪ್ಪಿಡುತ್ತದೆ, ಒಂದು ಸಲವಾದರೂ ಅಯ್ಯೋ ಅನ್ನುತ್ತಾನೆ ಎಂದುಕೊಂಡಿದ್ದಳು. ಅವನು ಗಲ್ಲ ಕೆರೆದುಕೊಂಡ.

"ಕಿವುಡಾ? ಛೆ! ಹಾಗಾದ್ರೆ ಇಷ್ಟು ದಿನ ಹೊಡೆದಿದ್ದೆಲ್ಲ ದಂಡ ಆಯ್ತಲ್ಲ."

ಮೈದುನ ಹೆ ಹೆ ಎಂದು ನಕ್ಕ. ಗಿರಾಕಿ ಏನೋ ತಮಾಷೆ ಮಾಡಿದ ಎಂಬಂತೆ.

ಚುಕ್ಕಿ ಅತ್ತೆ ಬಾಗಿಲ ಕಡೆ ಕೈ ತೋರಿಸಿದಳು. ಮೇಷ್ಟ್ರು ಗೊಣಗುತ್ತ ಹೋದ, ಅವನ ಹಿಂದೆಯೇ "ಸಾರ್, ಸಾರ್" ಎನ್ನುತ್ತ ಮೈದುನನೂ ಹೋದ. ಅವಳು ಗೇಟು ಹಾಕಿ ಚಿಲಕ ಜಡಿದಳು.

"ಅತ್ತಿಗೆ, ನಾನಿನ್ನೂ ಹೊರಗಿದ್ದೀನಿ!"

"ಗೊತ್ತು."

ಒಳಗೆ ಬಂದು ನೆಲಕ್ಕೆ ಕೂತಳು. ಹಿಂದಿನಿಂದ ಮುಟ್ಟಿದರೆ ಬೆದರುತ್ತದೆಂದು, ಕಾಣುವ ಹಾಗೆ ಎದುರಿಗೇ ಕೂತು ಮೆಲ್ಲಗೆ ಕೈ ಚಾಚಿದಳು. ನಾಯಿ ಆ ಕೈಯನ್ನು ನೋಡಿತು. ಓಡಲಿಲ್ಲ, ಹಲ್ಲು ತೋರಿಸಲಿಲ್ಲ. ಇನ್ನೇನು ಏಟು ಬೀಳುತ್ತದೆಂದು ತಲೆ ತಗ್ಗಿಸಿ, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು.